ಮುಧೋಳದ ಮರಿಗೆಂದು ಫೋನಿನಲ್ಲೇ ಮುಂಗಡ ಕಳಿಸುವ ಮುನ್ನ ಇದನ್ನು ಓದಿ

ಮುಧೋಳ ನಾಯಿಯ ಮರಿಯನ್ನು ಕೊಳ್ಳಬೇಕೆಂದು ಯಾರೊಂದಿಗಾದರೂ ಫೋನಿನಲ್ಲಿ ಮಾತು ನಡೆಸಿರುವವರು, ಹಣ ಕಳಿಸುವ ಮೊದಲು ದಯವಿಟ್ಟು ಇದನ್ನು ಪೂರ್ತಿ ಓದಿ. ನಾನು ಮೋಸ ಹೋಗಿ ಒಂದು ವರ್ಷ ಎರಡು ತಿಂಗಳಾಯಿತು. ಇಷ್ಟು ದಿನ ಬರೆಯದೇ ಇದ್ದುದಕ್ಕೆ ನಾಚಿಕೆಯ ಹೊರತು ಬೇರೆ ಕಾರಣವಿಲ್ಲ. ಲೆಕ್ಕಪತ್ರ ಪರಿಶೀಲಿಸುವುದನ್ನೇ ಉದ್ಯೋಗ ಮಾಡಿಕೊಂಡಿರುವ, ಬಂಧುಗಳಿಗೆಲ್ಲ "ಗೊತ್ತಿಲ್ಲದವರಿಗೆ ಹಣ ಹಾಕಬೇಡಿ" ಎಂದು ಬುದ್ಧಿ ಹೇಳುವ ನಾನು, ಮುಖವನ್ನೇ ನೋಡದ ವ್ಯಕ್ತಿಗೆ 5,000 ರೂಪಾಯಿ ಮುಂಗಡ ಕಳಿಸಿ, ಉಳಿದ 9,000 ರೂಪಾಯಿಯನ್ನು ಹೆದ್ದಾರಿಯ ಪಕ್ಕದಲ್ಲಿ ಮೊಬೈಲಿನ ಬೆಳಕಿನಲ್ಲಿ ಎಣಿಸಿ ಕೊಟ್ಟು ಬಂದೆ ಎಂದು ಯಾವ ಬಾಯಿಯಿಂದ ಹೇಳಲಿ? ಆದರೆ ನಿನ್ನೆ ನಡೆದ ಒಂದು ಸಂಗತಿ ನೋಡಿದ ಮೇಲೆ ಸುಮ್ಮನಿರಲು ಆಗುತ್ತಿಲ್ಲ.

ಆ ಮನುಷ್ಯನಿಗೆ ಈ ತಳಿಯ ಬಗ್ಗೆ ಏನೂ ಗೊತ್ತಿರಲಿಲ್ಲ ಎಂದು ನಾನು ಹೇಳುವುದಿಲ್ಲ. ಎಲ್ಲವೂ ಗೊತ್ತಿತ್ತು, ಅದೇ ನನ್ನ ಸಂಕಟ. 2005ರಲ್ಲಿ ಅಂಚೆ ಇಲಾಖೆ ಹೊರತಂದ, ಮುಧೋಳ ನಾಯಿಯ ಚಿತ್ರವಿರುವ ಅಂಚೆ ಚೀಟಿಯ ಫೋಟೊ ಕಳಿಸಿದರು. 2016ರಲ್ಲಿ ಸೇನೆಯವರು ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್‌ಗೆ ಒಯ್ದ ಸುದ್ದಿಯ ತುಣುಕು ಕಳಿಸಿದರು. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ರೇಡಿಯೊ ಭಾಷಣದಲ್ಲಿ ಇದರ ಹೆಸರೆತ್ತಿದ್ದನ್ನೂ ಬಿಡಲಿಲ್ಲ. ಇವೆಲ್ಲ ನಿಜವಾದ ಸಂಗತಿಗಳೇ. ಮೇಲಿನ ಕಣಕ ಅಪ್ಪಟವಾಗಿದ್ದರೆ ಒಳಗಿನ ಹೂರಣ ಹಳಸಿದೆಯೇ ಎಂದು ಮೂಸಿ ನೋಡುವವರು ಯಾರು? ನಾನಂತೂ ನೋಡಲಿಲ್ಲ. ಇದರ ಜೊತೆಗೆ ಮರಿಯ ತಂದೆಯೆಂದು ಒಂದು ವಿಡಿಯೊ ಬಂತು: ನೀಲಿ ಡ್ರಮ್ಮೊಂದರ ಪಕ್ಕದಿಂದ ಹೊರಟ ನಾಯಿಯೊಂದು ಉತ್ತ ಹೊಲದ ಅಂಚಿನಲ್ಲಿ ಬಿಟ್ಟ ಬಾಣದಂತೆ ಓಡುತ್ತದೆ. ಅದನ್ನು ನಾನೂ ನನ್ನ ಮಗಳೂ ಅದೆಷ್ಟು ಸಲ ನೋಡಿದೆವೆಂದರೆ, ಮರಿ ಬರುವ ಮೊದಲೇ ಅದಕ್ಕೆ ಬಾಣ ಎಂದು ಹೆಸರು ಬಿದ್ದಿತ್ತು.

ಮುಧೋಳದ ಪಕ್ಕದ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರವೇ ಇರುವುದು ನನಗೆ ಗೊತ್ತಿತ್ತು. ಅಲ್ಲಿ ಹೆಸರು ಬರೆಸಿ ಸರದಿ ಕಾಯಲು ನನಗೆ ತಾಳ್ಮೆ ಇರಲಿಲ್ಲ. ಈತನೋ "ಎರಡೇ ಮರಿ ಉಳದಾವ್ರಿ ಸರ್, ನಾಳೆ ಪುಣೆಯವರು ಬರ್ತಾರ" ಎಂದರು. ಹಾಗಿದ್ದರೂ ನಾನು ಒಂದು ಪ್ರಶ್ನೆಯನ್ನು ಸರಿಯಾಗಿಯೇ ಕೇಳಿದ್ದೆ. ನಮ್ಮದು ಮೈಸೂರಿನಲ್ಲಿ ಮೊದಲನೆಯ ಮಹಡಿಯ ಬಾಡಿಗೆ ಮನೆ, ಅಂಗಳವಿಲ್ಲ, ನಾನೂ ಪತ್ನಿಯೂ ಬೆಳಿಗ್ಗೆ ಒಂಬತ್ತಕ್ಕೆ ಹೊರಟರೆ ಸಂಜೆ ಆರಕ್ಕೆ ಬರುತ್ತೇವೆ, ಇಂಥ ಮನೆಗೆ ಈ ನಾಯಿ ಹೊಂದುತ್ತದೆಯೇ ಎಂದು ಕೇಳಿದ್ದೆ. ಅದಕ್ಕೆ ಬಂದ ಧ್ವನಿ ಸಂದೇಶ ಇಂದಿಗೂ ನನ್ನ ಫೋನಿನಲ್ಲಿದೆ: "ಏನ್ ಚಿಂತಿ ಮಾಡಬ್ಯಾಡ್ರಿ ಸರ್, ಮನ್ಯಾಗ ಒಂದ್ ಮೂಲ್ಯಾಗ ಬಿದ್ಕೊಂಡಿರ್ತದ್ರಿ. ಫ್ಲ್ಯಾಟಿಗೆ ಹೇಳಿ ಮಾಡಿಸಿದ ನಾಯಿ ಅದು. ದಿನಾ ಹತ್ ನಿಮಿಷ ಕೆಳಗ ಕರ್ಕೊಂಡ್ ಹೋದ್ರ ಸಾಕ್ರಿ." ಈ ಮಾತನ್ನು ನೆನಪಿಟ್ಟುಕೊಳ್ಳಿ. ಬಿದ್ದುಕೊಂಡಿರುತ್ತದೆ, ಹತ್ತು ನಿಮಿಷ ಸಾಕು.

ಮುಧೋಳಕ್ಕೇ ಬಂದು ತಾಯಿ ನಾಯಿಯನ್ನು ನೋಡುತ್ತೇನೆ ಎಂದೆ. "ಐನೂರು ಕಿಲೋಮೀಟರ್ ಯಾಕ್ ಬರ್ತೀರಿ, ನಮ್ಮ ಗಾಡಿ ಬೆಂಗಳೂರಿಗೆ ಹೊಂಟೈತಿ" ಎಂದು, ರಾತ್ರಿ ಹತ್ತರ ಹೊತ್ತಿಗೆ ತುಮಕೂರಿನ ಹೊರಗೆ ಹೆದ್ದಾರಿಯ ಬಳಿ ಬರಹೇಳಿದರು. ಬಂದವನು ಬೇರೆ ಯಾರೋ ಹುಡುಗ. ತರಕಾರಿ ಕ್ರೇಟಿನಿಂದ ಮರಿಯನ್ನು ಎತ್ತಿ ಕೊಟ್ಟ, ಒಂದು ಲಸಿಕೆ ಕಾರ್ಡು ಕೊಟ್ಟ, "ಬೆಲ್ಟ್ ಫ್ರೀ ಸರ್" ಎಂದು ದೊಡ್ಡ ನಾಯಿಯ ಒಂದು ಬೆಲ್ಟನ್ನೂ ಕೊಟ್ಟ. ಮರಿಯ ಪಕ್ಕೆಲುಬು ಎಣಿಸುವಂತಿತ್ತು, ಹೊಟ್ಟೆ ಮಾತ್ರ ಗುಡಾಣ. ಅಲ್ಲಿಂದಲೇ ಫೋನು ಮಾಡಿದರೆ, "ಪಕ್ಕೆಲುಬು ಕಾಣೋದ ಅಸಲಿ ಮುಧೋಳದ ಲಕ್ಷಣ್ರಿ" ಎಂಬ ಉತ್ತರ. ಬೆಳೆದ ಮುಧೋಳ ನಾಯಿಯ ಕಡೆಯ ಕೆಲವು ಪಕ್ಕೆಲುಬುಗಳು ಕಾಣುವುದು ಸಹಜ, ಅದೂ ನಿಜವೇ. ಆದರೆ ಎಲುಬಿನ ಮೇಲೆ ಚರ್ಮ, ಕೆಳಗೆ ಉಬ್ಬಿದ ಹೊಟ್ಟೆ ಎಂದರೆ ಅದು ಜಂತುಹುಳುವಿನ ಲಕ್ಷಣ. ನಿಜದ ಪಕ್ಕದಲ್ಲೇ ಸುಳ್ಳನ್ನು ಕೂರಿಸುವ ಈ ಕಲೆಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಮಾರನೆಯ ದಿನ ಪಶುವೈದ್ಯರ ಮೇಜಿನ ಮೇಲೆ ನಾನು ಮೂರ್ಖನಾದದ್ದು ಖಚಿತವಾಯಿತು. ವೈದ್ಯರು ಮರಿಯ ತುಟಿಯನ್ನು ಹೆಬ್ಬೆರಳಿನಿಂದ ಮೇಲಕ್ಕೆತ್ತಿ ನೋಡಿದರು. ಮುಂದಿನ ಹಾಲುಹಲ್ಲುಗಳು ಬಂದಿದ್ದವು. ಹಿಂದಿನವು ಒಸಡಿನಿಂದ ಆಗಷ್ಟೇ ಮೂತಿ ತೋರಿಸುತ್ತಿದ್ದವು. ಅವರು ಕಾರ್ಡನ್ನು ಓದಿದರು, ಮತ್ತೆ ಬಾಯಿ ನೋಡಿದರು, ಮತ್ತೆ ಕಾರ್ಡು ಓದಿದರು. ಕಾರ್ಡಿನ ಪ್ರಕಾರ ಮರಿಗೆ 62 ದಿನ ತುಂಬಿತ್ತು, 45ನೆಯ ದಿನ ಮೊದಲ ಲಸಿಕೆ ಆಗಿತ್ತು. "ಸರ್, ಈ ಮರಿಗೆ ಇವತ್ತಿಗೂ 45 ದಿನ ಆಗಿಲ್ಲ, ಐದು ವಾರವಿದ್ದರೆ ಹೆಚ್ಚು. 45ನೇ ದಿನದ ಲಸಿಕೆಯನ್ನು ಇದಕ್ಕೆ ಯಾವಾಗ ಹಾಕಿದರು?" ಎಂದು ಅವರು ಕೇಳಿದಾಗ ನನ್ನ ಬಳಿ ಉತ್ತರವಿರಲಿಲ್ಲ. ಕಾರ್ಡಿನಲ್ಲಿ ಹದಿನೈದು ಅಂಕಿಗಳ ಮೈಕ್ರೋಚಿಪ್ (ನಾಯಿಯ ಚರ್ಮದಡಿ ಸೇರಿಸುವ ಗುರುತಿನ ಚಿಪ್) ಸಂಖ್ಯೆಯೂ ಇತ್ತು. ಅವರು ಸ್ಕ್ಯಾನರನ್ನು ಮರಿಯ ಕತ್ತಿನಿಂದ ಬೆನ್ನಿನುದ್ದಕ್ಕೂ ಎರಡು ಸಲ ಓಡಿಸಿದರು. ಅದು ಸದ್ದೇ ಮಾಡಲಿಲ್ಲ. ಹೊರಗೆ ಸಾಲಿನಲ್ಲಿ ಕುಳಿತಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದಾರೆ ಎನಿಸಿತು. ಬಹುಶಃ ನೋಡುತ್ತಿರಲಿಲ್ಲ.

ಎಂಟು ವಾರ ತುಂಬದ ಮರಿಯನ್ನು ತಳಿಗಾರರು ಮಾರುವಂತಿಲ್ಲ, ಮರಿಗೆ ಚಿಪ್ ಇರಬೇಕು, ತಳಿಗಾರರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು ಎಂದು 2017ರ ಕೇಂದ್ರ ನಿಯಮಗಳೇ ಹೇಳುತ್ತವೆ ಎಂಬುದನ್ನು ನಾನು ತಿಳಿದುಕೊಂಡದ್ದು ಆ ದಿನ ಸಂಜೆ, ಅಂದರೆ ಎಲ್ಲ ಮುಗಿದ ಮೇಲೆ. ನೋಂದಣಿ ಸಂಖ್ಯೆ ಕೊಡಿ ಎಂದು ಆತನಿಗೆ ಫೋನು ಮಾಡಿದೆ. ಆಗ ಒಂದು ವಿಚಿತ್ರ ಗಮನಕ್ಕೆ ಬಂತು. ಎರಡು ವಾರ ಬಾಗಲಕೋಟೆ ಕಡೆಯ ಮಾತನ್ನೇ ಆಡುತ್ತಿದ್ದ ಮನುಷ್ಯನ ಬಾಯಿಂದ "ರೀ" ಎಂಬುದು ಮಾಯವಾಗಿತ್ತು. "ನೋಡಿ ಸಾರ್, ನಮ್ಮ ಹತ್ರ ಇದ್ದಾಗ ಮರಿ ಚೆನ್ನಾಗೇ ಇತ್ತು, ಗಾಡಿಯಲ್ಲಿ ಏನಾಯ್ತೋ ನಮಗೆ ಗೊತ್ತಿಲ್ಲ" ಎಂದು ಅಚ್ಚುಕಟ್ಟಾಗಿ ಬೆಂಗಳೂರಿನ ಕನ್ನಡದಲ್ಲಿ ಹೇಳಿದರು. ಮುಧೋಳದ ನಾಯಿ ಮಾರಲು ಮುಧೋಳದ ಮಾತನ್ನೂ ಬಾಡಿಗೆಗೆ ತಂದಿದ್ದರು! ಕೋಪಕ್ಕಿಂತ ಹೆಚ್ಚಾಗಿ ನನಗೆ ನಗು ಬಂತು, ಆ ನಗು ನಾಲ್ಕನೆಯ ದಿನದವರೆಗೆ ಮಾತ್ರ ಉಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಮರಿ ವಾಂತಿ ಮಾಡಿತು, ಮಧ್ಯಾಹ್ನದ ಹೊತ್ತಿಗೆ ರಕ್ತಭೇದಿ. ಪಾರ್ವೊ, ನಾಯಿಮರಿಗಳ ಕರುಳಿಗೆ ತಗಲುವ ವೈರಸ್ ಸೋಂಕು. ಇದು ತಗುಲಿದ ಕೆಲವು ದಿನಗಳ ನಂತರವೇ ಹೊರಗೆ ಕಾಣಿಸಿಕೊಳ್ಳುವುದರಿಂದ ಮರಿ ಇದನ್ನು ಅಲ್ಲಿಂದಲೇ ತಂದಿರುವ ಸಾಧ್ಯತೆ ಹೆಚ್ಚು ಎಂದರು ವೈದ್ಯರು. ಆರು ದಿನ ಡ್ರಿಪ್ಪು. ಅಂಗೈ ಅಗಲದ ಪ್ರಾಣಿಯ ಮುಂಗಾಲಿಗೆ ಸೂಜಿ, ಅದು ಕಿತ್ತುಕೊಳ್ಳದಂತೆ ಪಕ್ಕದಲ್ಲಿ ಸರದಿಯ ಮೇಲೆ ನಾವು. 11,600 ರೂಪಾಯಿಯ ಬಿಲ್ಲನ್ನು ಆತನಿಗೆ ಕಳಿಸಿದೆ. ಉತ್ತರ: "ನೀವು ಹಸುವಿನ ಹಾಲು ಹಾಕಿರಬೇಕು." ಹಾಕಿಲ್ಲ ಎಂದು ಬರೆದೆ. ಉತ್ತರ: "ಹಾಗಾದರೆ ಅನ್ನ ಹಾಕಿರಬೇಕು." ವೈರಸ್ಸಿಗೂ ಅನ್ನಕ್ಕೂ ಏನು ಸಂಬಂಧ ಎಂದು ಕೇಳಿದೆ. ಅದಕ್ಕೆ ಕೈಮುಗಿದ ಚಿತ್ರವೊಂದು ಬಂತು, ಅಷ್ಟೇ. 11,600 ರೂಪಾಯಿಗೆ ಒಂದು ಕೈಮುಗಿದ ಚಿತ್ರ!

ಬಾಣ ಬದುಕಿಕೊಂಡ. ಬದುಕಿ, ಬೆಳೆದು, ಹೆಗಲೆತ್ತರ 70 ಸೆಂಟಿಮೀಟರ್ ಮುಟ್ಟಿದ. ಅವನ ಬಗ್ಗೆ ನನ್ನದು ಒಂದೇ ಒಂದು ದೂರೂ ಇಲ್ಲ. ಕಣ್ಣಿಗೆ ಬಿದ್ದ ಬೇಟೆಯ ಹಿಂದೆ ಓಡಲೆಂದೇ ತಲೆತಲಾಂತರದಿಂದ ಬೆಳೆಸಿದ ನಾಯಿಯನ್ನು ಹತ್ತಡಿ ಕೋಣೆಯಲ್ಲಿ ಒಂಬತ್ತು ತಾಸು ಕೂಡಿಹಾಕಿದರೆ ಅದು ಏನು ಮಾಡಬೇಕು? ಸೋಫಾದ ಹೊಟ್ಟೆ ಬಗೆದ, ಬಾಗಿಲಿನ ಕೆಳಭಾಗವನ್ನು ಕೆರೆದು ಸೀಳಿದ, ಕೆಳಗಿನ ಮನೆಯವರು ಮೂರು ಸಲ ಮಾಲೀಕರಿಗೆ ದೂರು ಕೊಟ್ಟರು. ಹತ್ತು ನಿಮಿಷವಲ್ಲ, ಒಂದೂವರೆ ತಾಸು ನಡೆಸಿದರೂ ಅವನಿಗೆ ಅದು ಬರೀ ಪೀಠಿಕೆ. ನಡೆಯುವುದು ಬೇರೆ, ಮೈಬಿಚ್ಚಿ ಓಡುವುದು ಬೇರೆ ಎಂಬುದು ನನಗೆ ಅರ್ಥವಾಗಲು ಎಂಟು ತಿಂಗಳು ಬೇಕಾಯಿತು.

ಒಂಬತ್ತನೆಯ ತಿಂಗಳಿನ ಒಂದು ಸಂಜೆ ರಸ್ತೆಯ ಆ ತುದಿಯಲ್ಲಿ ಬೆಕ್ಕೊಂದು ದಾಟಿತು. ಬಾಣ ಮುಂದಕ್ಕೆ ಜಗ್ಗಿ, ನಾನು ಹಿಡಿದು ನಿಲ್ಲಿಸುತ್ತಲೇ ತಟ್ಟನೆ ಹಿಂದಕ್ಕೆ ಸರಿದ, ತಲೆ ತಗ್ಗಿಸಿದ, ಬೆಲ್ಟು ಕಿವಿಯ ಮೇಲಿಂದ ಜಾರಿ ಬಂತು. ಈ ನಾಯಿಗಳ ತಲೆ ಕತ್ತಿಗಿಂತ ಕಿರಿದು. ಸಾಮಾನ್ಯ ಬೆಲ್ಟು ಇವಕ್ಕೆ ನಿಲ್ಲುವುದೇ ಇಲ್ಲ. "ಬೆಲ್ಟ್ ಫ್ರೀ ಸರ್" ಎಂದು ಕೊಟ್ಟಿದ್ದ ಅದೇ ಬೆಲ್ಟು ಖಾಲಿಯಾಗಿ ನನ್ನ ಕೈಯಲ್ಲಿ ತೂಗಾಡುತ್ತಿತ್ತು, ನಾಯಿ ಕಣ್ಣಿಗೇ ಕಾಣದಷ್ಟು ದೂರ ಹೋಗಿತ್ತು. ಹೆಸರು ಹಿಡಿದು ಕೂಗಿದರೆ ಬರುವ ಘಳಿಗೆಯಲ್ಲ ಅದು. ರಿಂಗ್ ರೋಡಿನ ಬಳಿ ನಾಲ್ಕು ತಾಸಿನ ನಂತರ, ಅಂಗಾಲಿನ ಚರ್ಮ ಕಿತ್ತುಹೋಗಿದ್ದ ಸ್ಥಿತಿಯಲ್ಲಿ ಸಿಕ್ಕಿದ. ಆ ನಾಲ್ಕು ತಾಸಿನ ಬಗ್ಗೆ ಬರೆಯುವುದಿಲ್ಲ.

ಆ ರಾತ್ರಿ ಕೋಪ ತಡೆಯಲಾರದೆ, ಬಹಳ ದಿನಗಳ ನಂತರ, ಆತನಿಗೆ ಬರೆದೆ: ಮೂಲೆಯಲ್ಲಿ ಬಿದ್ದುಕೊಂಡಿರುತ್ತದೆ ಎಂದಿದ್ದಿರಲ್ಲ, ಫ್ಲ್ಯಾಟಿಗೆ ಹೇಳಿ ಮಾಡಿಸಿದ್ದು ಎಂದಿದ್ದಿರಲ್ಲ ಎಂದು. ಬಂದ ಉತ್ತರವನ್ನು ಅಕ್ಷರ ಬಿಡದೆ ಕೊಡುತ್ತೇನೆ: "ಸಾರ್ ಅದು ಬೇಟೆ ನಾಯಿ, ಓಡದೆ ಇನ್ನೇನು ಮಾಡುತ್ತೆ? ಗೊತ್ತಿಲ್ದೆ ಯಾಕೆ ತಗೊಂಡ್ರಿ? ನಿಮ್ಮಂಥವರಿಂದ ತಳಿಗೆ ಕೆಟ್ಟ ಹೆಸರು." ನಾನು ಅವರದೇ ಧ್ವನಿ ಸಂದೇಶವನ್ನು ಅವರಿಗೇ ತಿರುಗಿಸಿ ಕಳಿಸಿದೆ. ನೀಲಿ ಗುರುತು ಬಿತ್ತು, ಅಂದರೆ ಕೇಳಿಸಿಕೊಂಡಿದ್ದಾರೆ. ಹತ್ತು ನಿಮಿಷ ಬಿಟ್ಟು ಇನ್ನೊಂದು ಸಂದೇಶ: "ಬೇಡವಾದರೆ ವಾಪಸ್ ಕೊಡಿ, ದುಡ್ಡು ಮಾತ್ರ ಕೇಳಬೇಡಿ." ಇದನ್ನು ನಾನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಮಾರುವಾಗ ಮೂಲೆಯ ನಾಯಿ, ಕೇಳಿದಾಗ ಬೇಟೆ ನಾಯಿ, ಕೊನೆಗೆ ಇನ್ನೊಬ್ಬರಿಗೆ ಮಾರಲು ಪುಕ್ಕಟೆ ನಾಯಿ. ಅದೇ ನಾಯಿ, ಅದೇ ಮನುಷ್ಯ.

ವಾಪಸ್ ಕೊಡಲಿಲ್ಲ. ಬಾಣ ತಪ್ಪಿಸಿಕೊಂಡ ಎರಡನೆಯ ವಾರದಲ್ಲೇ ಮನೆ ಹುಡುಕಲು ಹೊರಟು, ತಿಂಗಳಿಗೆ 4,000 ರೂಪಾಯಿ ಹೆಚ್ಚು ಬಾಡಿಗೆಗೆ, ಆರಡಿ ಕಾಂಪೌಂಡ್ ಇರುವ ನೆಲಮನೆಗೆ ಬಂದೆವು. ಬೆಳಿಗ್ಗೆ ಐದಕ್ಕೆ, ಕಾವಲುಗಾರರ ಕೃಪೆಯಿಂದ, ಸುತ್ತ ಗೋಡೆಯಿರುವ ಶಾಲಾ ಮೈದಾನದಲ್ಲಿ ಅರ್ಧ ತಾಸು ಬಿಟ್ಟು ಓಡಿಸುತ್ತೇನೆ. ಎದೆಗೂಡು ಆಳವಾದ ನಾಯಿಗಳಿಗೆ ಹೊಟ್ಟೆ ಉಬ್ಬಿ ತಿರುಚಿಕೊಳ್ಳುವ ಅಪಾಯ ಇರುವುದರಿಂದ ಓಟಕ್ಕೂ ಊಟಕ್ಕೂ ನಡುವೆ ಒಂದು ತಾಸಾದರೂ ಬಿಡುತ್ತೇನೆ. ಎಳೆದಾಗ ತಾನಾಗಿ ಬಿಗಿಯಾಗುವ ಅಗಲ ಪಟ್ಟಿ ಹಾಕುತ್ತೇನೆ. ಹೀಗೆ ಓಡಿ ಬಂದ ಮೇಲೆ ಬಾಣ ನಿಜಕ್ಕೂ ಮಧ್ಯಾಹ್ನದವರೆಗೆ ಮೂಲೆಯಲ್ಲಿ ಮಲಗಿರುತ್ತಾನೆ. ಆತ ಹೇಳಿದ್ದರಲ್ಲಿ ಅದೊಂದು ಸತ್ಯ, ಅರ್ಧ ಹೇಳಿದ ಸತ್ಯ.

ಕೊಳ್ಳುವವರಿಗೆ ಹೇಳುವುದು ಇಷ್ಟೇ. ಮರಿ ತಾಯಿಯ ಪಕ್ಕದಲ್ಲಿರುವುದನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯನ್ನೂ ಕಳಿಸಬೇಡಿ, ವಿಡಿಯೊ ಕರೆಯೂ ಸಾಲದು. ರಾತ್ರಿ ರಸ್ತೆ ಬದಿಗೆ ಕರೆದರೆ ಹೋಗಬೇಡಿ. ಹಣ ಕೊಡುವ ಮುನ್ನ ಪಶುವೈದ್ಯರ ಬಳಿ ಹಲ್ಲು ನೋಡಿಸಿ, ಚಿಪ್ ಓದಿಸಿ. ಅದಕ್ಕೆ ಒಪ್ಪದವರ ಕಾರ್ಡು ಕಾಗದವೇ ಹೊರತು ದಾಖಲೆಯಲ್ಲ. ಓಡಿಸಲು ಗೋಡೆಯುಳ್ಳ ಜಾಗ ಇಲ್ಲದಿದ್ದರೆ ಈ ತಳಿಯೇ ಬೇಡ, ಯಾರು ಎಷ್ಟೇ "ರೀ" ಹಚ್ಚಿ ಹೇಳಿದರೂ ಬೇಡ.

ನಿನ್ನೆ ನಡೆದದ್ದು ಇದು. ಕಚೇರಿಯ ಸಹೋದ್ಯೋಗಿಯೊಬ್ಬರು ಊಟದ ಹೊತ್ತಿನಲ್ಲಿ ಫೋನು ಚಾಚಿ, "ಮುಧೋಳ ಮರಿ ನೋಡ್ತಿದ್ದೀನಿ, ನಿಮ್ಮ ಹತ್ರ ಇದೆಯಲ್ಲ, ಇದು ಹೇಗಿದೆ ಹೇಳಿ, ಇದರ ಅಪ್ಪ ಅಂತೆ" ಎಂದರು. ನಂಬರು ಬೇರೆ, ಹೆಸರು ಬೇರೆ. ವಿಡಿಯೊದಲ್ಲಿ ಉತ್ತ ಹೊಲದ ಅಂಚು, ನೀಲಿ ಡ್ರಮ್ಮು, ಅದರ ಪಕ್ಕದಿಂದ ಹೊರಟು ಓಡುವ ಅದೇ ನಾಯಿ. ಕೆಳಗೆ ಬರೆದಿತ್ತು: ಎರಡೇ ಮರಿ ಉಳದಾವ್ರಿ.