ವಾರಕ್ಕೊಂದು ಡ್ರಮ್ ನೀರು, ಮೂವತ್ತು ಪಾಟ್: ಹನಿ ನೀರಾವರಿ ಕಿಟ್ ಹೇಗಿದೆ?

ಮೊದಲೇ ಹೇಳಿಬಿಡುತ್ತೇನೆ. ಕಿಟ್ ಒಳ್ಳೆಯದು, ಅದರ ಜೊತೆ ಮಾರುವ ಟೈಮರ್ ಬೇಡ. ಅವಸರದಲ್ಲಿರುವವರಿಗೆ ಇಷ್ಟು ಸಾಕು. ಪಾಟ್‌ಗಳಿಗೆ ಹನಿ ನೀರು ಬಿಡಬೇಕು ಅಂತ ನಿಜವಾಗಿಯೂ ಯೋಚನೆ ಮಾಡುತ್ತಿರುವವರು ಮುಂದೆ ಓದಿ. ಡಬ್ಬದ ಮೇಲೆ ಬರೆಯದೇ ಬಿಟ್ಟ ವಿಷಯವೇ ಜಾಸ್ತಿ ಇದೆ.

ನಮ್ಮ ಮನೆ ಮಡಿಕೇರಿಯಲ್ಲಿ. ಮಳೆಗಾಲದಲ್ಲಿ ವಾರಗಟ್ಟಲೆ ಬಟ್ಟೆ ಒಣಗದ ಊರು. ಇಲ್ಲೂ ನೀರಿಗೆ ಬರ ಅಂದರೆ ಹೊರಗಿನವರು ನಂಬುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದದ್ದೆಲ್ಲ ಇಳಿಜಾರು ಹಿಡಿದು ಹೋಗಿಬಿಡುತ್ತದೆ. ಫೆಬ್ರವರಿ, ಮಾರ್ಚ್ ಬಂತು ಅಂದರೆ ಎಲ್ಲರ ಬಾಯಲ್ಲೂ ಹೂ ಮಳೆಯದ್ದೇ, ಅಂದರೆ ಕಾಫಿ ಹೂ ಬಿಡಿಸುವ ಮಳೆಯದ್ದೇ ಮಾತು. "ನಿಮ್ಮ ಕಡೆ ಎಷ್ಟು ಸೆಂಟ್ ಬಂತು?" ಅಂತ ತೋಟದವರು ಫೋನ್ ಮಾಡಿ ಕೇಳುತ್ತಾರೆ. ನೂರು ಸೆಂಟ್ ಸೇರಿದರೆ ಒಂದು ಇಂಚು. ರೋಬಸ್ಟಾ ಕಾಫಿ ಸರಿಯಾಗಿ ಹೂ ಬಿಡಬೇಕಾದರೆ ಒಂದು ಇಂಚಾದರೂ ಬೀಳಬೇಕು. ಬೀಳದಿದ್ದರೆ ಕೆರೆಗೆ ಪಂಪ್ ಇಟ್ಟು ಸ್ಪ್ರಿಂಕ್ಲರ್ ಹಾರಿಸಬೇಕು. ಅಂಥ ಹೊತ್ತಲ್ಲಿ ಮನೆ ಮುಂದಿನ ಹೂವಿನ ಗಿಡ ಯಾರ ಲೆಕ್ಕಕ್ಕೆ ಬರುತ್ತದೆ, ಅಲ್ವಾ?

2023ರಲ್ಲಿ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿತು. ಮುಂದಿನ ಬೇಸಿಗೆಯಲ್ಲಿ ನಮ್ಮ ಓಣಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ಆ ಮಾರ್ಚ್‌ನಲ್ಲೇ ಬೆಂಗಳೂರಲ್ಲಿ ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ, ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಆದೇಶ ಮಾಡಿತು. ಅಲ್ಲಿರುವ ನಾದಿನಿ ಫೋನ್ ಮಾಡಿ, "ನೀವೇ ಪುಣ್ಯವಂತರು ಅತ್ತಿಗೆ, ಕಾವೇರಿ ನಿಮ್ಮೂರಲ್ಲೇ ಹುಟ್ಟುತ್ತಾಳೆ" ಅಂದಳು. ಹುಟ್ಟುತ್ತಾಳೆ, ಇಲ್ಲ ಅಂದವರು ಯಾರು? ನಮ್ಮ ನಲ್ಲಿಗೆ ಬರಬೇಕಲ್ಲ. ನಮಗೆ ದಂಡದ ಭಯ ಇರಲಿಲ್ಲ. ಆದರೆ ಕೊಡ ಹಿಡಿದು ಓಡಾಡುವವರ ಎದುರಿಗೆ ಪೈಪ್ ಹಿಡಿದು ಗುಲಾಬಿಗೆ ನೀರು ಬಿಡುವ ಮುಖ ಯಾರಿಗಿತ್ತು? ಪಕ್ಕದ ಮನೆಯವರು ತಮ್ಮ ಬೋರ್‌ವೆಲ್‌ನಿಂದ ವಾರಕ್ಕೆ ಒಂದು ಡ್ರಮ್ ಕೊಡಲು ಒಪ್ಪಿದರು. 200 ಲೀಟರ್. ಅಷ್ಟರಲ್ಲಿ ಎಲ್ಲಾ ಗಿಡ ಬದುಕಬೇಕು.

ಹಾಗಾಗಿ ಕುಶಾಲನಗರದ ಒಂದು ಕೃಷಿ ಸಾಮಾನಿನ ಅಂಗಡಿಯಲ್ಲಿ ಈ ಕಿಟ್ ಕೊಂಡೆ. ಅಂಗಡಿ, ಕಂಪನಿ ಎರಡರ ಹೆಸರೂ ಹೇಳುವುದಿಲ್ಲ. ಮೂವತ್ತು ಪಾಟ್‌ನ ಕಿಟ್ಟು, ಸುಮಾರು 900 ರೂಪಾಯಿ. ಒಳಗೆ 16 ಎಂಎಂ ಕಪ್ಪು ಪೈಪು, 4 ಎಂಎಂ ಸಣ್ಣ ಟ್ಯೂಬು, ಹನಿ ಬಿಡುವ ಡ್ರಿಪ್ಪರ್‌ಗಳು, ಜಾಯಿಂಟ್‌ಗಳು, ತೂತು ಹೊಡೆಯುವ ಪಂಚ್, ಒಂದು ಪುಟ್ಟ ಫಿಲ್ಟರ್ ಇರುತ್ತದೆ. ಪ್ಲಂಬರ್ ಬೇಕಿಲ್ಲ. ಟ್ಯೂಬಿನ ತುದಿಯನ್ನು ಬಿಸಿನೀರಲ್ಲಿ ಅದ್ದಿದರೆ ಮೆತ್ತಗಾಗಿ ಸಲೀಸಾಗಿ ಕೂರುತ್ತದೆ. ಇಲ್ಲದಿದ್ದರೆ ಹೆಬ್ಬೆರಳು ಕೆಂಪಾಗುತ್ತದೆ. ಮೊದಲ ದಿನ ಹನಿ ಬೀಳುವುದನ್ನು ನೋಡಿ ನಮ್ಮತ್ತೆ, "ಇದೇನು, ಗಿಡಕ್ಕೆ ಗ್ಲೂಕೋಸ್ ಹಾಕಿದ್ದೀಯಾ?" ಅಂತ ಕೇಳಿದರು.

ಈಗ ಮುಖ್ಯ ವಿಷಯ. ಡ್ರಿಪ್ಪರ್ ಮೇಲೆ ಗಂಟೆಗೆ 4 ಲೀಟರ್ ಅಂತ ಇರುತ್ತದೆ. ಅದು ಒಂದು ಬಾರ್ ಪ್ರೆಷರ್ ಇದ್ದಾಗಿನ ಲೆಕ್ಕ. ಒಂದು ಬಾರ್ ಅಂದರೆ ನೀರು ಸುಮಾರು ಹತ್ತು ಮೀಟರ್ ಎತ್ತರದಿಂದ ಇಳಿಯಬೇಕು. ಅಂದರೆ ಮೂರಂತಸ್ತಿನ ಮನೆಯ ತಾರಸಿ. ಡ್ರಮ್ಮನ್ನು ಒಂದು ಮೀಟರ್ ಎತ್ತರದ ಸ್ಟೂಲ್ ಮೇಲೆ ಇಟ್ಟರೆ 4 ಲೀಟರ್ ಬರಬೇಕಾದ ಕಡೆ ಒಂದೂಕಾಲು ಲೀಟರ್ ಬಂದರೆ ಹೆಚ್ಚು. ಡಬ್ಬದ ಚಿತ್ರದಲ್ಲಿ ಮಾತ್ರ ಬಕೆಟ್ಟನ್ನು ಕಟ್ಟೆಯ ಮೇಲಿಟ್ಟು ನಗುತ್ತಾ ನಿಂತಿದ್ದಾರೆ.

ಕೊಡಗಿನಲ್ಲಿ ನಮಗೊಂದು ಅನುಕೂಲ ಇದೆ. ಮನೆ ಹಿಂದೆ ಬರೆ, ಅಂದರೆ ಗುಡ್ಡ ಕಡಿದ ಎತ್ತರದ ಮಣ್ಣಿನ ದಿಬ್ಬ ಇರುತ್ತದೆ. ನಮ್ಮ ಡ್ರಮ್ ಬರೆಯ ಮೇಲೆ, ಪಾಟ್‌ಗಳಿಗಿಂತ ಮೂರು ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಒಂದೊಂದು ಡ್ರಿಪ್ಪರ್‌ಗೆ ಗಂಟೆಗೆ ಎರಡು ಲೀಟರ್ ಚಿಲ್ಲರೆ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಬಿಟ್ಟರೆ ಮೂವತ್ತು ಪಾಟ್‌ಗೆ ಮೂವತ್ತು ಲೀಟರ್ ಸುಮಾರು. ಡ್ರಮ್ ವಾರಕ್ಕೆ ಹತ್ತಿರ ಹತ್ತಿರ ಸಾಕಾಗುತ್ತದೆ. ಒಂದು ದಿನ ಕಮ್ಮಿ ಬಿದ್ದರೆ ಗಿಡ ಸಾಯುವುದಿಲ್ಲ. ಪೈಪ್ ಹಿಡಿದು ಹತ್ತು ನಿಮಿಷ ನಿಂತರೆ ನೂರು ಲೀಟರ್ ಮೇಲೆ ಹೋಗುತ್ತದೆ, ಅದರಲ್ಲಿ ಅರ್ಧ ಅಂಗಳಕ್ಕೆ. ಹಾಗಂತ ಡ್ರಮ್ಮನ್ನು ಬರೆಯ ಅಂಚಿಗೆ ಇಡಬೇಡಿ. ತುಂಬಿದರೆ 200 ಕಿಲೋ ಮೇಲೆ ಭಾರ. 2018ರ ಆಗಸ್ಟ್‌ನ ಭೂಕುಸಿತ ನೋಡಿದವರಿಗೆ ಬರೆಯ ವಿಷಯ ಹೇಳಿಕೊಡಬೇಕಿಲ್ಲ. ಮೇ ಕೊನೆಗೆ ಖಾಲಿ ಮಾಡಿ ಕೆಳಗಿಳಿಸಿ.

ಇಳಿಜಾರಿನಲ್ಲಿ ಇನ್ನೊಂದು ಕಿರಿಕಿರಿ ಇದೆ. ಕೆಳಗಿನ ಮೆಟ್ಟಿಲ ಪಾಟ್‌ಗೆ ಜಾಸ್ತಿ, ಮೇಲಿನದಕ್ಕೆ ಕಮ್ಮಿ ಬೀಳುತ್ತದೆ. ಮೊದಲ ಮತ್ತು ಕೊನೆಯ ಡ್ರಿಪ್ಪರ್ ಕೆಳಗೆ ಒಂದೇ ಅಳತೆಯ ಲೋಟ ಇಟ್ಟು ನೋಡಿ, ಗೊತ್ತಾಗುತ್ತದೆ. ಇದಕ್ಕೆ ಪ್ರೆಷರ್ ಸರಿದೂಗಿಸುವ ದುಬಾರಿ ಡ್ರಿಪ್ಪರ್ ಹಾಕಿ ಅಂತ ಅಂಗಡಿಯವರು ಹೇಳಬಹುದು. ಡ್ರಮ್ ನೀರಿನ ಪ್ರೆಷರ್ ಅವಕ್ಕೆ ಸಾಲುವುದಿಲ್ಲ. ನಾನು ಹೈಡ್ರೇಂಜಿಯಾವನ್ನು ಕೆಳಗಿನ ಮೆಟ್ಟಿಲಿಗೆ ತಂದೆ, ಜಿರೇನಿಯಂ ಮೇಲಕ್ಕೆ ಹೋಯಿತು. ಖರ್ಚಿಲ್ಲದ ಪರಿಹಾರ.

ಟೈಮರ್ ಕಥೆ ಬೇರೆಯೇ. ಬೆಳಿಗ್ಗೆ ಒಂಬತ್ತಕ್ಕೆ ಕೆಲಸಕ್ಕೆ ಹೊರಡುವ ನನಗೆ ಟೈಮರ್ ಬೇಕಿತ್ತು. "ಡ್ರಮ್‌ಗೂ ಆಗುತ್ತಾ?" ಅಂತ ಕೇಳಿಯೇ ಸುಮಾರು 2,000 ರೂಪಾಯಿ ಕೊಟ್ಟೆ. "ಆರಾಮಾಗಿ ಆಗುತ್ತೆ ಅಕ್ಕ" ಅಂದರು. ಮನೆಯಲ್ಲಿ ಹಾಕಿದರೆ ಟಕ್ ಅಂತ ಸದ್ದು ಬರುತ್ತದೆ, ನೀರು ಬರುವುದಿಲ್ಲ. ಒಳಗಿನ ಸೊಲೆನಾಯ್ಡ್, ಅಂದರೆ ವಿದ್ಯುತ್ ಅಯಸ್ಕಾಂತದ ವಾಲ್ವ್ ತೆರೆಯುವುದಕ್ಕೇ ಅರ್ಧ ಬಾರ್ ಪ್ರೆಷರ್ ಬೇಕು ಅಂತ ಒಳಗಿನ ಚೀಟಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿತ್ತು. ನಮ್ಮ ಬರೆಯಿಂದ ಬರುವುದೇ ಅದಕ್ಕಿಂತ ಕಮ್ಮಿ. ವಾಪಸ್ ತೆಗೆದುಕೊಂಡು ಹೋದರೆ, "ಡಬ್ಬ ಓಪನ್ ಆಗಿದೆಯಲ್ಲ ಅಕ್ಕ" ಅಂದರು. ಓಪನ್ ಮಾಡದೆ ಹಾಕಿ ನೋಡುವುದು ಹೇಗೆ ತಮ್ಮಾ ಅಂತ ಕೇಳಿದ್ದಕ್ಕೆ ಎರಡು ಎಂಡ್ ಕ್ಯಾಪ್ ಪುಕ್ಕಟೆ ಕೊಟ್ಟು ಕಳಿಸಿದರು.

ಕೆಂಪು ನೀರಿಗೆ ಬರೋಣ. ನಮ್ಮ ಕಡೆ ಬೋರ್‌ವೆಲ್ ನೀರಲ್ಲಿ ಕಬ್ಬಿಣದ ಅಂಶ ಜಾಸ್ತಿ ಇರುವುದುಂಟು. ಬರುವಾಗ ತಿಳಿಯಾಗಿಯೇ ಇರುತ್ತದೆ. ಗಾಳಿ ತಗುಲಿ ಸ್ವಲ್ಪ ಹೊತ್ತಾದ ಮೇಲೆ ಕೆಂಪಾಗಿ ತಳಕ್ಕೆ ಕೂರುತ್ತದೆ. ಅದು ಡ್ರಿಪ್ಪರ್‌ಗೆ ಹೋಯಿತೋ, ಮುಗಿಯಿತು. ಬಿಚ್ಚಿ ನೋಡಿದರೆ ಒಳಗಿನ ಸಣ್ಣ ಸುರುಳಿ ದಾರಿಯಲ್ಲಿ ಕೆಂಪು ಲೋಳೆ ಮೆತ್ತಿಕೊಂಡಿರುತ್ತದೆ, ಬೆರಳಿಗೆ ಜಾರುತ್ತದೆ. ಕಿಟ್‌ನ ಫಿಲ್ಟರ್ ಇದಕ್ಕೆ ಸಾಲದು. ಬೇರೆ 120 ಮೆಶ್‌ನ, ಅಂದರೆ ತುಂಬಾ ಸಣ್ಣ ಕಣ್ಣಿನ ಜಾಲರಿಯ ಸ್ಕ್ರೀನ್ ಫಿಲ್ಟರ್ ತಂದು ಹಾಕಿ. ಡ್ರಮ್‌ನ ನಲ್ಲಿಯನ್ನು ತಳದಿಂದ ಒಂದು ಗೇಣು ಮೇಲೆ ಕೂರಿಸಿ. ನೀರು ತುಂಬಿಸಿದ ರಾತ್ರಿ ಹಾಗೇ ಬಿಡಿ. ಕಟ್ಟಿಕೊಂಡ ಡ್ರಿಪ್ಪರ್‌ಗಳನ್ನು ವಿನೆಗರ್‌ನಲ್ಲಿ ನೆನೆಸಿದರೆ ಬಿಡುತ್ತದೆ. ನಮ್ಮ ಕೊಡಗಿನ ಕಪ್ಪು ಹುಳಿ ಕಾಚಂಪುಳಿ ಹಾಕು, ಇನ್ನೂ ಬೇಗ ಬಿಡುತ್ತದೆ ಅಂತ ನಮ್ಮವರು ತಮಾಷೆ ಮಾಡಿದರು. ಅದರ ರೇಟು ಗೊತ್ತಿದ್ದವರು ಪಂದಿ ಕರಿಗೆ (ಹಂದಿ ಮಾಂಸದ ಸಾರಿಗೆ) ಬಿಟ್ಟು ಬೇರೆ ಯಾವುದಕ್ಕೂ ಹಾಕುವುದಿಲ್ಲ.

ಅಕ್ಕಿ ತೊಳೆದ ನೀರು, ಬಟ್ಟೆ ಒಗೆದ ನೀರು ಈ ಡ್ರಮ್‌ಗೆ ಬೇಡವೇ ಬೇಡ. ಅಕ್ಕಿ ನೀರು ಹುಳಿತು ಲೋಳೆಯಾಗಿ ಪೈಪ್ ಕಟ್ಟಿಸುತ್ತದೆ. ಅದನ್ನು ಅತ್ತೆ ಚೊಂಬಿನಲ್ಲಿ ಕರಿಬೇವಿಗೆ, ದಾಸವಾಳಕ್ಕೆ ಸುಮ್ನೆ ಹೊಯ್ಯುತ್ತಾರೆ. ಅದೇ ಸರಿ. ಡ್ರಮ್ ಕಪ್ಪೋ ನೀಲಿಯೋ ಇರಲಿ. ಬೆಳಕು ತೂರುವ ಬಿಳಿ ಕ್ಯಾನ್ ಆದರೆ ಪಾಚಿ ಬೆಳೆಯುತ್ತದೆ. ಸೊಳ್ಳೆ ಹೋಗದ ಹಾಗೆ ಮುಚ್ಚಳ ಗಟ್ಟಿ ಇರಲಿ.

ಏಪ್ರಿಲ್ ಹೊತ್ತಿಗೆ ಅಳಿಲುಗಳು ಸಣ್ಣ ಟ್ಯೂಬ್ ಕಚ್ಚಲು ಶುರು ಮಾಡಿದವು. ಪಾಪ, ಅವಕ್ಕೂ ಬಾಯಾರಿಕೆ. ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಟ್ಟು, ಟ್ಯೂಬನ್ನು ಸಿಲ್ವರ್ ಓಕ್ ಎಲೆಗಳ ಅಡಿ ಮುಚ್ಚಿದ ಮೇಲೆ ಕಾಟ ಕಮ್ಮಿ. ಒಣ ಎಲೆ ಹೊದಿಸಿದರೆ ಮಣ್ಣಿನ ತೇವವೂ ಬೇಗ ಆರುವುದಿಲ್ಲ. ಇದು ಕಿಟ್‌ನಷ್ಟೇ ಕೆಲಸ ಮಾಡುತ್ತದೆ ಅಂತ ನನಗನಿಸುತ್ತದೆ, ಅದೂ ಪುಕ್ಕಟೆ.

ಯಾವ ಗಿಡಕ್ಕೆ ಹಿಡಿಸಿತು ಅಂದರೆ, ಗುಲಾಬಿಗೆ ತುಂಬಾ. ಎಲೆ ಒದ್ದೆಯಾಗದ ಕಾರಣ ಕಪ್ಪು ಚುಕ್ಕೆ ರೋಗ ಕಮ್ಮಿಯಾಯಿತು. ಜೀರಿಗೆ ಮೆಣಸು, ಬದನೆ, ಡೇರೆ ಎಲ್ಲಾ ಚೆನ್ನಾಗಿವೆ. ಹೈಡ್ರೇಂಜಿಯಾ ಮಧ್ಯಾಹ್ನ ತಲೆ ತಗ್ಗಿಸಿದರೆ ಗಾಬರಿಯಾಗಿ ನಲ್ಲಿ ತಿರುಗಿಸಬೇಡಿ. ಮಣ್ಣು ಮುಟ್ಟಿ ನೋಡಿ, ತೇವ ಇದ್ದರೆ ಸಂಜೆಗೆ ತಾನೇ ಏಳುತ್ತದೆ. ಆಂಥೂರಿಯಂ, ಆರ್ಕಿಡ್ ಸಾಕಿದವರಿಗೆ ಮಾತ್ರ ಈ ಕಿಟ್ ಉಪಯೋಗಕ್ಕೆ ಬರುವುದಿಲ್ಲ. ಅವಕ್ಕೆ ಬೇಕಾದದ್ದು ಗಾಳಿಯಲ್ಲಿ ತೇವ. ನೆರಳಿಗೆ ಸರಿಸಿ, ಸ್ಪ್ರೇ ಬಾಟಲ್ ಹಿಡಿಯಿರಿ.

ಕಿಟ್‌ಗೆ ಐದಕ್ಕೆ ನಾಲ್ಕು ಕೊಡುತ್ತೇನೆ. ಕೊಂಡಾಗಿನಿಂದ ಪೈಪ್ ಒಡೆದಿಲ್ಲ, ಜಾಯಿಂಟ್ ಸೋರಿಲ್ಲ. ಒಂದು ಅಂಕ ಹೋದದ್ದು ಫಿಲ್ಟರ್‌ಗೆ ಮತ್ತು ಆ ಬಕೆಟ್ ಚಿತ್ರಕ್ಕೆ. ಟೈಮರ್‌ಗೆ ಸೊನ್ನೆ. ಟೈಮರ್ ಬೇಕೇ ಬೇಕು ಅನ್ನುವವರು ಬಾಲ್ ವಾಲ್ವ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ. ಅದರಲ್ಲಿ ಪುಟ್ಟ ಮೋಟರ್ ವಾಲ್ವನ್ನು ತಿರುಗಿಸುತ್ತದೆ, ಪ್ರೆಷರ್ ಇಲ್ಲದಿದ್ದರೂ ತೆರೆಯುತ್ತದೆ. ದುಡ್ಡು ಕೊಡುವ ಮೊದಲು ಒಳಗಿನ ಚೀಟಿ ತೆಗೆಸಿ, ಕನಿಷ್ಠ ಪ್ರೆಷರ್ ಸೊನ್ನೆ ಬಾರ್ ಅಂತ ಇದೆಯಾ ನೋಡಿ. ಚೀಟಿ ತೋರಿಸಲ್ಲ ಅಂದರೆ ಬೇರೆ ಅಂಗಡಿ ನೋಡಿ.