ಅಡುಗೆಮನೆ ಫಿಟಿಂಗ್: ಎರಡು ಮಳೆಗಾಲ ಕಂಡ ಮೇಲೆ

ಶಿರಸಿಯ ನಮ್ಮ ಮನೆಗೆ ಮಾಡ್ಯುಲರ್ ಕಿಚನ್ ಮಾಡಿಸಿದ್ದು 2024ರ ಮಾರಿಕಾಂಬಾ ಜಾತ್ರೆಯ ಹೊತ್ತಿಗೆ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ಮಾರ್ಚ್ ಒಳಗೆ ಮುಗಿಯಲೇಬೇಕು ಅಂದಿದ್ದೆ. "ಜಾತ್ರೆಗೆ ಹೊಸ ಅಡುಗೆಮನೇಲೇ ಅಡುಗೆ ಮಾಡಿ ಅಕ್ಕಾ" ಅಂದರು ಮರಗೆಲಸದ ಆಚಾರ್ರು. ಮಾತಾಗಿದ್ದು 2,30,000 ರೂಪಾಯಿಗೆ.

ಅಡುಗೆಯೇನೋ ಆಯಿತು. ಆದರೆ ಕಪಾಟಿನ ಕೆಳಗಿನ ಸಂದು ಮುಚ್ಚುವ ಪಟ್ಟಿ, ಅಂದರೆ ಸ್ಕರ್ಟಿಂಗ್ ಇಲ್ಲ, ಅಟ್ಟದ ಬಾಗಿಲುಗಳಿಗೆ ಹಿಡಿಕೆ ಇಲ್ಲ, ಗ್ರಾನೈಟ್ ಅಂಚಿನ ಸಂದು ಮುಚ್ಚುವ ಸಿಲಿಕಾನ್ ಅಂಟು ಹಾಕಿಲ್ಲ. ಜಾತ್ರೆ ಮುಗಿದ ಮೇಲೆ ಫೋನ್ ಮಾಡಿದರೆ "ನಾಳೆ ಬರ್ತೆ". ಆ ನಾಳೆ ಮೇ ತಿಂಗಳೂ ದಾಟಿತು. ಪುಣ್ಯಕ್ಕೆ 18,000 ರೂಪಾಯಿ ಕೊಡದೆ ಇಟ್ಟುಕೊಂಡಿದ್ದೆ.

ಮಳೆ ಹಿಡಿದು ಹದಿನೈದು ದಿನಕ್ಕೆ ಸಿಂಕ್ ಕೆಳಗಿನ ಬಾಗಿಲು ತೆಗೆದರೆ ಮುಗ್ಗಲು ವಾಸನೆ. ಪೈಪ್ ಗೋಡೆಗೆ ಹೋಗುವಲ್ಲಿ ಹಿಂದಿನ ಹಲಗೆಗೆ ತೂತು ಕೊರೆದಿದ್ದರು. ಪೈಪ್ ಒಂದೂವರೆ ಇಂಚು, ತೂತು ಮುಷ್ಟಿ ಹೋಗುವಷ್ಟು. ಅಂಚಿಗೆ ಏನೂ ಬಳಿದಿರಲಿಲ್ಲ. ಬೆರಳಿಟ್ಟು ಒತ್ತಿದೆ, ನೆನೆದ ಅವಲಕ್ಕಿ ಹಾಗೆ ಪದರ ಪದರವಾಗಿ ಬಿಟ್ಟುಕೊಂಡಿತು. ಸುತ್ತ ಬಿಳಿ ಬೂಷ್ಟು. ಆ ಸಂದಿನಿಂದ ಜಿರಲೆ ಸವಾರಿ ಬೇರೆ.

ನಾನು ಕೇಳಿದ್ದು 710 ಮುದ್ರೆಯ ಪ್ಲೈ, ಅಂದರೆ ನೀರಿಗೆ ತಡೆಯುವ ಮರೈನ್ ದರ್ಜೆಯದು. ಅವರು ಹಾಕಿದ್ದೂ ಅದನ್ನೇ, ಆದರೆ ಕಪಾಟಿನ ಡಬ್ಬಿಗಳಿಗೆ ಮಾತ್ರ. ಹಿಂದಿನ 6 ಎಂಎಂ ಹಲಗೆ ಸಾದಾ ಕಮರ್ಷಿಯಲ್ ಪ್ಲೈ, ನೀರಿಗೆ ತಡೆಯದ್ದು. "ಹಿಂದಕ್ಕೆ ಯಾರೂ 710 ಹಾಕೋದಿಲ್ಲ ಅಕ್ಕಾ" ಅಂದರು. ಬಯಲುಸೀಮೆಯಲ್ಲಿ ನಡೆಯಬಹುದೇನೋ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗದ ಊರಲ್ಲಿ ನಡೆಯೋದಿಲ್ಲ ಅಲ್ವಾ?

ಮೊದಲು ಫೋನಿನಲ್ಲಿ ಕೂಗಾಡಿದೆ. ಅದರಿಂದ ಆದ ಲಾಭ ಅಂದರೆ ಅವರು ನಾಲ್ಕು ದಿನ ಫೋನ್ ಎತ್ತಲಿಲ್ಲ. ಆಮೇಲೆ ಏಳು ಫೋಟೋ ತೆಗೆದೆ, ಏಳಕ್ಕೂ ನಂಬರ್ ಹಾಕಿ ವಾಟ್ಸಾಪ್‌ನಲ್ಲಿ ಕಳಿಸಿದೆ. "ಆಚಾರ್ರೇ, ಯಾವುದು ಮಾತಾಡಿದ ದುಡ್ಡಿನಲ್ಲೇ ಬರ್ತದೆ, ಯಾವುದು ಎಕ್ಸ್‌ಟ್ರಾ, ನೀವೇ ಬರೀರಿ" ಅಂದೆ. ರಾತ್ರಿ ಉತ್ತರ ಬಂತು. "ನಾಲ್ಕು ನಮ್ಮದೇ, ಮೂರು ಎಕ್ಸ್‌ಟ್ರಾ." ಇಡೀ ಅಡುಗೆಮನೆಯ ಜಗಳ ಮೂರು ಸಾಲಿಗೆ ಇಳಿಯಿತು.

ಸ್ಕರ್ಟಿಂಗ್ ಕೊಟೇಶನ್‌ನಲ್ಲಿ ಇರಲೇ ಇಲ್ಲ, ನಾನೇ ಸರಿಯಾಗಿ ಓದಿರಲಿಲ್ಲ. 3,200 ಕೊಟ್ಟೆ. ಹಿಂದಿನ ಹಲಗೆಗೆ ಸಾಮಾನಿನ ದುಡ್ಡು ಅರ್ಧರ್ಧ, ಕೂಲಿ ಅವರದ್ದು. ಅಟ್ಟದ ಒಂದು ಬಾಗಿಲು ಬಿಲ್ಲಿನ ಹಾಗೆ ಬಾಗಿತ್ತು. ಲ್ಯಾಮಿನೇಟ್ ಹೊರಗೆ ಮಾತ್ರ ಅಂಟಿಸಿದ್ದರು. ಎರಡೂ ಕಡೆ ಎಳೆತ ಸಮ ಇಲ್ಲದಿದ್ದರೆ ಬಾಗಿಲು ಬಾಗುತ್ತದೆ. ಇದನ್ನು ಅವರೇ ಒಪ್ಪಿ ಪುಕ್ಕಟೆ ಬದಲಾಯಿಸಿದರು. ಬಾಕಿ ಇಟ್ಟುಕೊಂಡ ದುಡ್ಡಿನಲ್ಲಿ ಅರ್ಧವನ್ನು ಅವರು ಕೆಲಸಕ್ಕೆ ಬಂದ ದಿನ ಕೊಟ್ಟೆ, ಇನ್ನರ್ಧ ಸಿಲಿಕಾನ್ ಒಣಗಿದ ಮೇಲೆ.

ಗ್ರಾಹಕ ಸಹಾಯವಾಣಿ 1915 ಇದೆ, ಘಟ್ಟ ಇಳಿದರೆ ಕಾರವಾರದಲ್ಲಿ ಜಿಲ್ಲಾ ಗ್ರಾಹಕ ಆಯೋಗವೂ ಇದೆ. ಎರಡು ವರ್ಷದೊಳಗೆ ದೂರು ಕೊಡಬೇಕು, 5 ಲಕ್ಷದವರೆಗಿನ ಕೆಲಸವಾದರೆ ದೂರಿಗೆ ಶುಲ್ಕ ಇಲ್ಲ. ನಾನು ಅಲ್ಲಿವರೆಗೆ ಹೋಗಲಿಲ್ಲ. ಹೋಗಬಹುದು ಅಂತ ಗೊತ್ತಿದ್ದದ್ದಕ್ಕೆ ಎರಡನೇ ಸಲ ಸಮಾಧಾನದಲ್ಲಿ ಮಾತಾಡಲು ಬಂತು.

ಈಗ ಹೇಗಿದೆ? ಡ್ರಾಯರ್ ಚಾನಲ್‌ಗಳು ಗಟ್ಟಿ. ಎಣ್ಣೆ ಡಬ್ಬ, ಅಕ್ಕಿ ಡಬ್ಬ ಎಲ್ಲ ಹೊತ್ತುಕೊಂಡೂ ಸಲೀಸಾಗಿ ಜಾರುತ್ತವೆ. ಸಿಂಕ್ ಕೆಳಗೆ ಎರಡನೇ ಮಳೆಗಾಲದಲ್ಲಿ ಬೂಷ್ಟು ಬರಲಿಲ್ಲ. ಅಲ್ಲಿನ ಹಿಂಜ್‌ಗೆ ಸ್ವಲ್ಪ ತುಕ್ಕು ಹಿಡಿದಿದೆ. ಜುಲೈನಲ್ಲಿ ಒಂದು ಬಾಗಿಲು ಪಕ್ಕದ್ದಕ್ಕೆ ಉಜ್ಜುತ್ತದೆ, ಹಿಂಜ್‌ನ ಸ್ಕ್ರೂ ಅರ್ಧ ಸುತ್ತು ತಿರುಗಿಸಿದರೆ ಸರಿ. ಅದನ್ನು ಆಚಾರ್ರೇ ಕಲಿಸಿಕೊಟ್ಟರು. ಕೆಲಸಕ್ಕೆ ಐದರಲ್ಲಿ ನಾಲ್ಕು ಕೊಡುತ್ತೇನೆ, ಹೇಳಿದ ಮಾತಿಗೆ ಎರಡು.

ಅಟ್ಟದ ಒಂದು ಹಿಡಿಕೆ ಮಾತ್ರ ಇನ್ನೂ ಬೇರೆ ಡಿಸೈನಿನದೇ. ಪಟ್ಟಿಯಲ್ಲಿ ಏಳನೇ ನಂಬರ್. ನಾಳೆ ಬರ್ತಾರಂತೆ.