ಗ್ರೀನ್ ಸ್ಟಫ್, ಎಪಾಕ್ಸಿ, ಪಾಲಿಮರ್ ಕ್ಲೇ: ಮೇಷ್ಟ್ರು ತಪ್ಪು ಹೇಳುವ ಹೊತ್ತಿಗೆ ಯಾವುದು ಮೆತ್ತಗಿರುತ್ತೆ?

ಟೇಬಲ್ ಮೇಲಿನ ಆಟಕ್ಕೆ ಪುಟ್ಟ ಗೊಂಬೆ ಮಾಡಲು ಈ ಮೂರು ಮುದ್ದೆಗಳಲ್ಲಿ ಯಾವುದು ಒಳ್ಳೇದು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಪಾಲಿಮರ್ ಕ್ಲೇಗೆ. ಉಳಿದ ಎರಡನ್ನೂ ದುಡ್ಡು ಕೊಟ್ಟು ತಂದು, ಗೊಂಬೆ ಮಾಡಿ, ಬೈಸಿಕೊಂಡು, ಆಮೇಲೆ ಈ ಮಾತು ಹೇಳುತ್ತಿದ್ದೇನೆ. ಕಾರಣ ಒಂದೇ. ಓವನ್‌ಗೆ ಹೋಗುವ ತನಕ ಅದು ಗಟ್ಟಿಯಾಗುವುದಿಲ್ಲ. ತಪ್ಪು ಹುಡುಕುವವರು ಅವರ ಪುರುಸೊತ್ತಿನಲ್ಲಿ ಹುಡುಕಬಹುದು, ನಾನು ನನ್ನ ಪುರುಸೊತ್ತಿನಲ್ಲಿ ತಿದ್ದಬಹುದು.

ತುಮಕೂರಿನಲ್ಲೂ ಡ್ರ್ಯಾಗನ್ನು, ಗಾಬ್ಲಿನ್ನು ಅಂತ ಬೋರ್ಡಿನ ಮೇಲೆ ಗೊಂಬೆ ಇಟ್ಟು ಆಡುವವರು ಇದ್ದಾರಾ ಅಂತ ಕೇಳುತ್ತಾರೆ. ಇದ್ದೇವೆ. ಭಾನುವಾರ ಸೇರುತ್ತೇವೆ. ಹೊರದೇಶದ ಗೊಂಬೆಗಳ ಬೆಲೆ ನೋಡಿ ಸಾಕಾಗಿ, ನಾವೇ ಮಾಡಿಕೊಳ್ಳೋಣ ಅಂತ ಹೊರಟವರು. ಗುಂಪಿನಲ್ಲಿ ಒಬ್ಬರು ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು. ಆಟದ ರೂಲ್ಸ್ ಅವರಿಗೆ ಇವತ್ತಿಗೂ ತಲೆಗೆ ಹತ್ತಿಲ್ಲ. ಮೊಮ್ಮಗನನ್ನು ಬಿಡೋಕೆ ಬಂದವರು, ಗೊಂಬೆಗಳ ತಪ್ಪು ಹೇಳೋಕೆ ಉಳಿದುಕೊಂಡರು.

ಅಳತೆ ಗೊತ್ತಿಲ್ಲದವರಿಗೆ ಒಂದು ಮಾತು. ಈ ಗೊಂಬೆಗಳ ಅಳತೆ 28 ಮಿ.ಮೀ., ಅಂದರೆ ಸಾಮಾನ್ಯವಾಗಿ ಪಾದದಿಂದ ಕಣ್ಣಿನ ಮಟ್ಟದವರೆಗೆ. ಬೋರ್ಡಿನ ಮೇಲೆ ಒಂದಿಂಚು ಚೌಕ ಅಂದರೆ ಆಟದ ಲೆಕ್ಕದಲ್ಲಿ ಐದು ಅಡಿ. ತಲೆ ಬರೀ ನಾಲ್ಕೈದು ಮಿ.ಮೀ. ಅಷ್ಟರಲ್ಲೇ ಕಣ್ಣು, ಮೂಗು, ತುಟಿ, ಕೋರೆಹಲ್ಲು ಎಲ್ಲಾ ಬರಬೇಕು. ತಲೆಯನ್ನೂ ಕೈಯನ್ನೂ ನಿಜಕ್ಕಿಂತ ಸ್ವಲ್ಪ ದಪ್ಪ ಮಾಡುವುದು ರೂಢಿ. ಇಲ್ಲದಿದ್ದರೆ ಟೇಬಲ್ಲಿನ ಆಚೆ ಕೂತವನಿಗೆ ಏನೂ ಕಾಣುವುದಿಲ್ಲ.

ಗ್ರೀನ್ ಸ್ಟಫ್‌ನಿಂದ ಶುರು ಮಾಡೋಣ. ಈ ಕಸುಬಿನವರೆಲ್ಲ ಮೊದಲು ಹೇಳುವ ಹೆಸರೇ ಅದು. ಅದೂ ಒಂದು ಎಪಾಕ್ಸಿಯೇ, ಅಂದರೆ ಎರಡು ಭಾಗ ಬೆರೆಸಿದರೆ ತಾನಾಗಿ ಗಟ್ಟಿಯಾಗುವ ಮುದ್ದೆ. ಹಳದಿ ಪಟ್ಟಿ, ನೀಲಿ ಪಟ್ಟಿ. ಎರಡನ್ನೂ ಸಮ ತಗೊಂಡು ನಾದಿದರೆ ಹಸಿರಾಗುತ್ತದೆ. ನೀಲಿ ಗಟ್ಟಿ ಮಾಡುವ ಭಾಗ. ನೀಲಿ ಜಾಸ್ತಿ ಹಾಕಿದರೆ ಬೇಗ ಬಿಗಿಯುತ್ತದೆ, ಹಳದಿ ಜಾಸ್ತಿ ಹಾಕಿದರೆ ಮೆತ್ತಗೆ, ಅಂಟಂಟಾಗಿ ಇರುತ್ತದೆ. ನಾದಿದ ಮೇಲೆ ಸುಮಾರು ಒಂದೂವರೆ ಗಂಟೆ ಕೆಲಸಕ್ಕೆ ಬರುತ್ತದೆ. ಅದೂ ತಂಪು ಊರಿನ ಲೆಕ್ಕ. ಬಿಸಿಲು ಏರಿದಷ್ಟೂ ಆ ಸಮಯ ಕರಗುತ್ತದೆ. ಪೂರ್ತಿ ಗಟ್ಟಿಯಾಗಲು ಒಂದು ದಿನ ಬಿಡಬೇಕು.

ನಾನು ಆನ್‌ಲೈನ್‌ನಲ್ಲಿ ತರಿಸಿದ್ದು ಎರಡೂ ಪಟ್ಟಿ ಅಂಟಿಕೊಂಡೇ ಬರುವ ರಿಬ್ಬನ್. ಮಾರುವವನ ಗೋಡೌನಿನಲ್ಲಿ ಎಷ್ಟು ಕಾಲ ಬಿದ್ದಿತ್ತೋ ಏನೋ, ಹಳದಿ ನೀಲಿ ಕೂಡುವ ಗೆರೆ ಉದ್ದಕ್ಕೂ ಆಗಲೇ ಗಟ್ಟಿಯಾಗಿತ್ತು. ಆ ಗೆರೆಯನ್ನು ಬ್ಲೇಡಿನಿಂದ ಕತ್ತರಿಸಿ ಎಸೆಯಬೇಕು. ಎಸೆಯದೆ ನಾದಿದರೆ ಒಳಗೆ ರವೆಯಂಥ ಕಾಳು ಉಳಿದು, ಸರಿಯಾಗಿ ಮೂಗಿನ ತುದಿಗೇ ಬಂದು ಕೂರುತ್ತವೆ. ಎರಡು ಪಟ್ಟಿ ಬೇರೆ ಬೇರೆ ಬರುವ ಪ್ಯಾಕೇ ತಗೊಳ್ಳಿ, ಉಳಿದದ್ದನ್ನು ಫ್ರೀಜರ್‌ನಲ್ಲಿಡಿ. ಈ ವಿಷಯ ಇಷ್ಟಕ್ಕೆ ಸಾಕು.

ಅದರ ಒಳ್ಳೇ ಗುಣ ಸುಳ್ಳಲ್ಲ. ಎಣ್ಣೆ ಸವರಿದ ಟೈಲ್ಸ್ ಮೇಲೆ ತೆಳ್ಳಗೆ ಲಟ್ಟಿಸಿ, ಅರ್ಧ ಬಿಗಿದ ಮೇಲೆ ಬ್ಲೇಡಿನಿಂದ ಕತ್ತರಿಸಿ, ಗೊಂಬೆಯ ಹೆಗಲಿಗೆ ಹೊದಿಸಿದರೆ ಕಂಬಳಿ ನಿಜವಾಗಿ ಇಳಿಬಿದ್ದ ಹಾಗೆ ಬೀಳುತ್ತದೆ. ಬೆಲ್ಟು, ಚೀಲದ ಪಟ್ಟಿ, ಜಡೆ, ಇವಕ್ಕೆ ಅದನ್ನು ಮೀರಿಸುವುದು ನಾನು ನೋಡಿಲ್ಲ. ಗಟ್ಟಿಯಾದ ಮೇಲೂ ರಬ್ಬರಿನ ಗುಣ ಇರುತ್ತದೆ, ಕೆಳಗೆ ಬಿದ್ದರೆ ಮುರಿಯುವುದಿಲ್ಲ. ಅದೇ ಕಾರಣಕ್ಕೆ ಅರ ಹಾಕಿದರೆ ನುಣ್ಣಗಾಗುವುದಿಲ್ಲ, ಸಿಬಿರೇಳುತ್ತದೆ. ವೇಲ್ಸ್‌ನಲ್ಲಿ ತಯಾರಾಗುವ ಮಿಲಿಪುಟ್ ಅನ್ನೋ ಇನ್ನೊಂದು ಎಪಾಕ್ಸಿಯನ್ನು ಅರ್ಧಕ್ಕರ್ಧ ಬೆರೆಸಿ ಈ ತೊಂದರೆ ಕಳೆಯುವವರಿದ್ದಾರೆ. ಎರಡೆರಡು ಆಮದು ಸಾಮಾನು ತರಿಸುವ ಜೇಬು ನನ್ನದಲ್ಲ.

ನನಗೆ ಅದು ಒಗ್ಗದಿದ್ದುದು ಗಡಿಯಾರದ ದೆಸೆಯಿಂದ. ವಸಂತನರಸಾಪುರದಿಂದ ಕಂಪನಿ ಬಸ್ಸಿನಲ್ಲಿ ಬಂದು, ಊಟ ಮುಗಿಸಿ ಕೂರುವ ಹೊತ್ತಿಗೆ ರಾತ್ರಿ ಒಂಬತ್ತು. ಹತ್ತೂವರೆಗೆ ಒಂದು ಮುಖ ಆಗುತ್ತದೆ. ಫೋಟೋ ತೆಗೆದು ಮೇಷ್ಟ್ರಿಗೆ ವಾಟ್ಸಾಪ್ ಮಾಡುತ್ತೇನೆ. ಮೇಷ್ಟ್ರು ಆಗ ನಿದ್ದೆಯಲ್ಲಿ. ಬೆಳಗ್ಗೆ ಐದಕ್ಕೆ ಎದ್ದು ವಾಯ್ಸ್ ಮೆಸೇಜ್ ಹಾಕುತ್ತಾರೆ: "ಕಿವಿ ಎಲ್ಲಿಟ್ಟಿದ್ದೀಯಯ್ಯಾ? ಹುಬ್ಬಿಂದ ಮೂಗಿನ ತುದಿ ಮಧ್ಯ ಬರಬೇಕು ಕಣಯ್ಯಾ, ಇದು ಕೆನ್ನೇಲಿ ಬೆಳೆದದೆ." ಸರಿಯಾದ ಮಾತೇ. ಆದರೆ ಅಷ್ಟರಲ್ಲಿ ಗ್ರೀನ್ ಸ್ಟಫ್ ಬಿಗಿದು ಕೂತಿರುತ್ತದೆ. ಕಿವಿ ಸರಿಸುವ ಹಾಗಿಲ್ಲ, ಕೊಯ್ಯಬೇಕು. ಕೊಯ್ಯುವಾಗ ಕೆನ್ನೆಯೂ ಹೋಗುತ್ತದೆ.

ಜಕಣಾಚಾರಿಯ ಊರು ಅನ್ನುವ ಕೈದಾಳ ಇಲ್ಲೇ ಗೂಳೂರಿನ ಹತ್ತಿರ. ಬೇಲೂರಿನಲ್ಲಿ ಡಂಕಣ ಬಂದು ವಿಗ್ರಹದ ಕಲ್ಲಿನಲ್ಲಿ ಕಪ್ಪೆ ಇದೆ ಅಂತ ತೋರಿಸಿದ ಕಥೆ ಎಲ್ಲರಿಗೂ ಗೊತ್ತು. ಮಗ ತಪ್ಪು ಹೇಳುವ ಹೊತ್ತಿಗೆ ವಿಗ್ರಹ ಕಡೆದು ಮುಗಿದಿತ್ತು, ಪಾಪ ಅಪ್ಪ ಕೈ ಕತ್ತರಿಸಿಕೊಂಡ. ಮೇಷ್ಟ್ರಿಗೆ ಈ ಕಥೆ ಹೇಳಿ, ಸ್ವಲ್ಪ ಬೇಗ ಮೆಸೇಜ್ ಮಾಡಿ ಸಾರ್ ಅಂದೆ. ನೀನು ಸ್ವಲ್ಪ ನಿಧಾನವಾಗಿ ಗಟ್ಟಿಯಾಗೋದನ್ನ ತಗೋ ಅಂದರು.

ಎರಡನೆಯದು ನಮ್ಮ ಸ್ಟೇಷನರಿ ಅಂಗಡಿಗಳಲ್ಲೇ ಸಿಗುವ ಎಪಾಕ್ಸಿ ಕ್ಲೇ. ಮ್ಯೂರಲ್ ಮಾಡುವವರು, ಮಡಕೆ ಮೇಲೆ ಹೂವು ಬಳ್ಳಿ ಅಂಟಿಸುವವರು ಬಳಸುತ್ತಾರಲ್ಲ, ಅದೇ. ಎರಡು ಭಾಗ, ಸಮಸಮ ಬೆರೆಸುವುದು. ಎಂ.ಜಿ. ರಸ್ತೆಗೆ ಹೋದರೆ ಸಂಜೆಯೊಳಗೆ ಕೈಯಲ್ಲಿರುತ್ತದೆ, ಬೆಲೆಯೂ ಹಗುರ. ನೀರು ಮುಟ್ಟಿಸಿ ಸವರಿದರೆ ಒಳ್ಳೇ ನುಣುಪು ಬರುತ್ತದೆ. ಗಟ್ಟಿಯಾದ ಮೇಲೆ ಅರ ಹಾಕಬಹುದು, ಡ್ರಿಲ್ ಮಾಡಬಹುದು. ಬಂಡೆ, ಬೇಸು, ಡ್ರ್ಯಾಗನ್ನಿನ ಮೈ, ಗೋಡೆಯ ಇಟ್ಟಿಗೆ, ಇಂಥ ದೊಡ್ಡ ಕೆಲಸಕ್ಕೆ ಕಣ್ಣು ಮುಚ್ಚಿ ಇದನ್ನೇ ತಗೊಳ್ಳಿ. ಸಣ್ಣ ಮುಖಕ್ಕೆ ಮಾತ್ರ ನನಗೆ ಆಗಲಿಲ್ಲ. ಅಂಚು ನಿಲ್ಲುವುದಿಲ್ಲ. ಕಣ್ಣಿನ ರೆಪ್ಪೆ ಎತ್ತಲು ಹೋದರೆ ಎಳೆಯುವ ಬದಲು ಹರಿದು ಬರುತ್ತದೆ. ಇನ್ನೊಂದು ವಿಷಯ, ಬರಿಗೈಯಲ್ಲಿ ದಿನಾ ಎಪಾಕ್ಸಿ ನಾದಬೇಡಿ, ಅದು ಯಾವ ಕಂಪನಿಯದ್ದಾದರೂ ಸರಿ. ಕೆಲವರ ಚರ್ಮಕ್ಕೆ ಅಲರ್ಜಿ ಅಂಟಿಕೊಳ್ಳುತ್ತದೆ. ಗ್ಲೌಸ್ ಹಾಕಿ.

ಇನ್ನು ಪಾಲಿಮರ್ ಕ್ಲೇ. ಪಿವಿಸಿ ಪುಡಿ, ಅದನ್ನು ಮೆತ್ತಗಿಡುವ ಒಂದು ಎಣ್ಣೆಯಂಥ ಪದಾರ್ಥ, ಮುಖ್ಯವಾಗಿ ಇಷ್ಟೇ. ನಾನು ಬಳಸುವುದು ಸೂಪರ್ ಸ್ಕಲ್ಪಿ, 454 ಗ್ರಾಮಿನ ಡಬ್ಬ. 130 ಡಿಗ್ರಿಯಲ್ಲಿ, ಆರು ಮಿ.ಮೀ. ದಪ್ಪಕ್ಕೆ ಹದಿನೈದು ನಿಮಿಷದ ಲೆಕ್ಕದಲ್ಲಿ ಬೇಯಿಸಬೇಕು. ಅಲ್ಲಿಯವರೆಗೆ ಅದು ನಮ್ಮ ಮಾತು ಕೇಳುತ್ತದೆ. ಬುಧವಾರ ಮಾಡಿದ ಮುಖವನ್ನು ಶುಕ್ರವಾರ ಅಳಿಸಬಹುದು. ಮೇಷ್ಟ್ರು ಭಾನುವಾರ ಕೈಗೆ ತಗೊಂಡು, ಕನ್ನಡಕ ಹಣೆಗೇರಿಸಿ, "ಇವನು ನಿಂತಿದ್ದಾನೋ ಬೀಳ್ತಿದ್ದಾನೋ?" ಅಂದರೂ ಚಿಂತೆಯಿಲ್ಲ. ಗಂಟಲ ಗುಳಿಯಿಂದ ನೇರ ಕೆಳಗೆ ದಾರ ಬಿಟ್ಟರೆ, ಮೈಭಾರ ಹೊತ್ತ ಪಾದದ ಹತ್ತಿರ ಅದು ಬೀಳಬೇಕು. ನನ್ನ ಗಾಬ್ಲಿನ್‌ಗೆ ಅದು ಪಾದ ಬಿಟ್ಟು ಆಚೆ ಬೀಳುತ್ತಿತ್ತು. ಸೊಂಟ ಹಿಡಿದು ಒಳಗಿನ ತಂತಿ ಸಮೇತ ಒಂಚೂರು ಬಾಗಿಸಿದರು, ನಿಂತುಕೊಂಡ. ಗಟ್ಟಿಯಾದ ಎಪಾಕ್ಸಿಯಲ್ಲಿ ಇದನ್ನು ಮಾಡಲು ಗರಗಸ ಬೇಕು.

ಈಗ ಇದರ ತಲೆನೋವು. ಒಂದೇ ತಲೆನೋವು, ಆದರೆ ಭಾರಿ. ಗಟ್ಟಿಯಾಗುವುದಿಲ್ಲ ಅನ್ನುವ ಗುಣವೇ ಅದರ ಕಾಟ. ಮುಖ ಮುಗಿಸಿ, ತಿರುಗಿಸಿ ಬೆನ್ನಿನ ಕೆಲಸಕ್ಕೆ ಕೈ ಹಾಕುತ್ತೀರಿ. ಹೆಬ್ಬೆರಳು ಎಲ್ಲಿ ಊರುತ್ತದೆ ಹೇಳಿ? ಮುಖದ ಮೇಲೆ. ಒಂದು ಸಂಜೆಯ ಮೂಗು ಚಪ್ಪಟೆ. ಎಪಾಕ್ಸಿಯಲ್ಲಿ ನಿನ್ನೆ ಮಾಡಿದ್ದು ಇವತ್ತು ಕಲ್ಲು, ಎಲ್ಲಿ ಬೇಕಾದರೂ ಹಿಡಿಯಬಹುದು. ಇಲ್ಲಿ ಆ ಭಾಗ್ಯ ಇಲ್ಲ.

ಅದರ ಮೇಲೆ ನಮ್ಮೂರಿನ ಏಪ್ರಿಲ್. ಹೊರಗೆ ಮೂವತ್ತಾರು ಮೂವತ್ತೇಳು ಡಿಗ್ರಿ ಇದ್ದ ದಿನ ರಾತ್ರಿ ಕೂಡ ಕೋಣೆ ಕಾದಿರುತ್ತದೆ. ಕ್ಲೇ ಬೆರಳಿನ ಬಿಸಿಗೇ ಬೆಣ್ಣೆಯಾಗುತ್ತದೆ. ಗೆರೆ ಎಳೆದರೆ ಅಂಚು ಉರುಟಾಗುತ್ತದೆ, ಬೆರಳಚ್ಚು ಕವಚದ ಮೇಲೆ ಉಳಿಯುತ್ತದೆ. ಫ್ಯಾನ್ ಹಾಕಿದರೆ ಬಿ.ಎಚ್. ರಸ್ತೆಯ ಧೂಳೆಲ್ಲ ಬಂದು ಅಂಟುತ್ತದೆ. ಆ ತಿಳಿ ಬಣ್ಣದಲ್ಲಿ ಒಂದು ಕೂದಲೆಳೆಯೂ ಎದ್ದು ಕಾಣುತ್ತದೆ. ಫ್ಯಾನ್ ಆರಿಸಿದರೆ ಕ್ಲೇ ಜೊತೆ ನಾನೂ ಕರಗುತ್ತೇನೆ. ಬೇಸಿಗೆಯಲ್ಲಿ ಈ ಕ್ಲೇಯನ್ನು ಬೈದಷ್ಟು ನಾನು ಯಾರನ್ನೂ ಬೈದಿಲ್ಲ.

ಇದಕ್ಕೆ ನಾನು ಮಾಡಿಕೊಂಡ ಉಪಾಯ ಹೇಳುತ್ತೇನೆ. ಬೇಕಾದಷ್ಟು ಕ್ಲೇಯನ್ನು ಚಪ್ಪಟೆ ತಟ್ಟಿ, ಎರಡು ಬಿಳಿ ಹಾಳೆಗಳ ನಡುವೆ ಇಟ್ಟು, ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿ ಬಿಡಿ. ಜಾಸ್ತಿ ಇರುವ ಎಣ್ಣೆಯನ್ನು ಹಾಳೆ ಹೀರಿಕೊಂಡು, ಬೆಳಗ್ಗೆ ಹಾಳೆಯಲ್ಲಿ ಜಿಡ್ಡಿನ ಕಲೆ ಕಾಣುತ್ತದೆ, ಕ್ಲೇ ಬಿಗಿಯಾಗಿರುತ್ತದೆ. ಅತಿಯಾಗಿ ಹೀರಿಸಿದರೆ ಪುಡಿಪುಡಿಯಾಗುತ್ತದೆ, ನೋಡಿಕೊಳ್ಳಿ. ಕೂರುವ ಮೊದಲು ಗೊಂಬೆಯನ್ನು ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ. ನಮ್ಮನೆಯಲ್ಲಿ ಇದಕ್ಕೊಂದು ಸ್ಟೀಲ್ ಡಬ್ಬಿ ಬೇರೆ ಮಾಡಿದ್ದೇನೆ, ಯಾಕೆಂದರೆ ಕೆಲವು ಪ್ಲಾಸ್ಟಿಕ್ಕನ್ನು ಈ ಕ್ಲೇ ತಿಂದುಹಾಕುತ್ತದೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ "ತಿನ್ನಬಾರದು" ಅಂತ ಬರೆದಿದೆ. ನೋಡಲು ಥೇಟ್ ಪೇಡಾ, ಅತ್ತೆಯವರು ಒಮ್ಮೆ ತಟ್ಟೆಗೆ ಹಾಕಲು ಹೊರಟಿದ್ದರು.

ಒಳಗಿನ ತಂತಿಯನ್ನು ಪಾದದ ಕೆಳಗೆ ಉದ್ದ ಬಿಟ್ಟು, ಮರದ ತುಂಡಿಗೆ ಚುಚ್ಚಿ ನಿಲ್ಲಿಸಿ. ಕಟ್ಟಡದ ಕಬ್ಬಿಣ ಕಟ್ಟುವ ಬೈಂಡಿಂಗ್ ವೈರ್ ಸಾಕು. ಆಮೇಲೆ ಮರ ಹಿಡಿಯುವುದು ಬಿಟ್ಟರೆ ಗೊಂಬೆ ಮುಟ್ಟುವ ಮಾತೇ ಇಲ್ಲ. ಬೆರಳಚ್ಚು ಬಿದ್ದರೆ ಮೊಬೈಲ್ ರಿಪೇರಿಯವರು ಬಳಸುವ ಐಸೋಪ್ರೊಪೈಲ್ ಆಲ್ಕೋಹಾಲ್ ಬ್ರಷ್ಷಿನ ತುದಿಗೆ ಅದ್ದಿ ಸವರಿ, ಮಾಯ. ಕೊನೆಯ ಉಪಾಯ, ಹಂತ ಹಂತವಾಗಿ ಬೇಯಿಸುವುದು. ತಲೆಗೆ ಮೇಷ್ಟ್ರು ಹೂಂ ಅಂದ ಮೇಲೆ ತಲೆಯನ್ನಷ್ಟೇ ಬೇಯಿಸುತ್ತೇನೆ. ಆಮೇಲೆ ಮೈ, ಆಮೇಲೆ ಬಟ್ಟೆ. ಒಂದೇ ಗೊಂಬೆಯನ್ನು ಮತ್ತೆ ಮತ್ತೆ ಬೇಯಿಸಿದರೂ ಏನೂ ಆಗುವುದಿಲ್ಲ. ಮಧ್ಯೆ ಕರೆಂಟ್ ಹೋದರೆ, ಬಂದ ಮೇಲೆ ಮತ್ತೆ ಇಟ್ಟರಾಯಿತು.

ಓವನ್ ಅಂದರೆ ಓಟಿಜಿ, ಒಳಗಿನ ಕಾಯಿಲ್ ಕಾದು ಬೇಯಿಸುವ ಕರೆಂಟ್ ಓವನ್, ಮೈಕ್ರೋವೇವ್ ಅಲ್ಲ. ಓಟಿಜಿಯ ತಿರುಗಣೆ 130 ಅಂದರೆ ಒಳಗೆ 130 ಇರುತ್ತದೆ ಅಂತ ನಂಬಬೇಡಿ, ಒಂದು ಓವನ್ ಥರ್ಮಾಮೀಟರ್ ಒಳಗಿಡಿ. ಸೀದರೆ ಪಿವಿಸಿ ಹೊಗೆ, ಅದು ಆಮ್ಲದ ಹೊಗೆ, ಕುಡಿಯುವಂಥದ್ದಲ್ಲ. ಕಿಟಕಿ ತೆಗೆದಿರಲಿ. ಕೇಕ್ ಮಾಡುವ ಓವನ್ ಇದಕ್ಕೆ ಬೇಡ. ನಾನು ಯಾರೋ ಮನೆ ಖಾಲಿ ಮಾಡುವಾಗ ಮಾರಿದ ಹಳೇದನ್ನು ತಗೊಂಡೆ.

ತೆಳ್ಳಗಿನ ಕತ್ತಿ, ಭರ್ಜಿ ಪಾಲಿಮರ್‌ನಲ್ಲಿ ಮಾಡಬೇಡಿ, ಮುರಿಯುತ್ತದೆ. ಹಿತ್ತಾಳೆ ತಂತಿಯನ್ನು ಸುತ್ತಿಗೆಯಲ್ಲಿ ಚಪ್ಪಟೆ ಬಡಿದು ಅರ ಹಾಕಿದರೆ ಅದಕ್ಕಿಂತ ಒಳ್ಳೇ ಕತ್ತಿ ಇಲ್ಲ.

ಬೆಲ್ಟು, ಕಂಬಳಿ ಬಿಟ್ಟರೆ ಇನ್ನೊಂದು ವಿಷಯದಲ್ಲೂ ಗ್ರೀನ್ ಸ್ಟಫ್ ಎದುರು ಪಾಲಿಮರ್ ಸೋಲುತ್ತದೆ. ಲೋಹದಲ್ಲಿ ಎರಕ ಹೊಯ್ಯಲು ರಬ್ಬರ್ ಅಚ್ಚು ಮಾಡುವಾಗ ಬಿಸಿ ಮತ್ತು ಒತ್ತಡ ಎರಡೂ ಬೀಳುತ್ತವೆ. ಗ್ರೀನ್ ಸ್ಟಫ್ ತಡೆದುಕೊಳ್ಳುತ್ತದೆ, ಪಾಲಿಮರ್ ಬಿರಿಯುವ ಸಂಭವ ಜಾಸ್ತಿ. ಕಂಪನಿಗಳಿಗೆ ಗೊಂಬೆ ಮಾಡಿಕೊಡುವವರು ಅದನ್ನೇ ಹಿಡಿದುಕೊಂಡಿದ್ದು ಸುಮ್ನೆ ಅಲ್ಲ. ನಾನು ಮಾಡುವುದು ನಮ್ಮ ಟೇಬಲ್ಲಿಗೆ. ಹೆಚ್ಚೆಂದರೆ ಸಿಲಿಕೋನ್ ಅಚ್ಚಿನಲ್ಲಿ ನಾಲ್ಕು ರೆಸಿನ್ ಕಾಪಿ. ಅದಕ್ಕೆ ಬೆಂದ ಪಾಲಿಮರ್ ಧಾರಾಳ ಸಾಕು.

ಸಾಧನದ ಬಗ್ಗೆ ಯಾರೂ ಜಾಸ್ತಿ ಖರ್ಚು ಮಾಡಬೇಡಿ. ಡೆಂಟಲ್ ಕಾಲೇಜಿನ ಮಕ್ಕಳು ಮೊದಲ ವರ್ಷ ಮೇಣದಲ್ಲಿ ಹಲ್ಲು ಕೆತ್ತುವ ಲೆಕ್ರಾನ್ ಕಾರ್ವರ್ ಒಂದಿದೆ, ಒಂದು ಕಡೆ ಚಾಕು, ಇನ್ನೊಂದು ಕಡೆ ಪುಟ್ಟ ಸೌಟು. ಚಿಕ್ಕಪ್ಪನ ಮಗಳು ಓದು ಮುಗಿಸಿದ ಮೇಲೆ ಅವಳದ್ದು ನನ್ನ ಪಾಲಿಗೆ ಬಂತು. ಅದು ಮತ್ತು ಪೆನ್ಸಿಲ್ಲಿಗೆ ಸಿಕ್ಕಿಸಿದ ಒಂದು ಹೊಲಿಗೆ ಸೂಜಿ, ಮುಖವೆಲ್ಲ ಇವೆರಡರಲ್ಲೇ.

ದುಡ್ಡಿನ ಲೆಕ್ಕಕ್ಕೆ ಬರೋಣ. ಪಾಲಿಮರ್ ಡಬ್ಬದ ಬೆಲೆ ನೋಡಿದರೆ ಮೊದಲು ಎದೆ ಧಸಕ್ ಅನ್ನುತ್ತದೆ. ಆದರೆ ಈ ಅಳತೆಯ ಒಂದು ಗೊಂಬೆಗೆ ಐದು ಗ್ರಾಂ ಹಿಡಿಯುವುದು ಕಷ್ಟ. ಕೆಟ್ಟ ಗೊಂಬೆಯನ್ನು ಮುದ್ದೆ ಮಾಡಿ ಮತ್ತೆ ಬಳಸಬಹುದು, ಬೇಯಿಸದಿದ್ದರೆ ಏನೂ ದಂಡವಾಗುವುದಿಲ್ಲ. ಎಪಾಕ್ಸಿಯಲ್ಲಿ ನಾದಿದ್ದು ನಾದಿದ್ದೇ, ಫೋನ್ ಬಂತು ಅಂತ ಎದ್ದು ಹೋದರೆ ಕಸ. ನಾವು ಮೂವರು ಸೇರಿ ಒಂದು ಡಬ್ಬ ತರಿಸಿ ತೂಕ ಮಾಡಿ ಹಂಚಿಕೊಳ್ಳುತ್ತೇವೆ.

ಮನೆಯಲ್ಲಿ ಓಟಿಜಿ ಇಲ್ಲ, ತರುವ ಮನಸ್ಸೂ ಇಲ್ಲ ಅಂದರೆ ಸ್ಟೇಷನರಿ ಅಂಗಡಿಯ ಎಪಾಕ್ಸಿ ಹಿಡಿಯಿರಿ, ದೊಡ್ಡ ದೈತ್ಯರಿಂದ ಶುರು ಮಾಡಿ. ಒಂದೇ ಸಲ ಕೂತು ಮುಗಿಸುವ ಕೈ, ಯಾರ ಮಾತೂ ಕೇಳಬೇಕಾಗಿಲ್ಲದ ಧೈರ್ಯ ಎರಡೂ ಇದ್ದರೆ ಗ್ರೀನ್ ಸ್ಟಫ್ ತಗೊಳ್ಳಿ, ಚಳಿಗಾಲದಲ್ಲಿ ಬಳಸಿ. ನಾನಂತೂ ಅದರ ಉಳಿದ ಪಟ್ಟಿಯನ್ನು ಬೆಲ್ಟಿಗೂ ಕಂಬಳಿಗೂ ಅಂತ ಫ್ರೀಜರ್‌ನಲ್ಲಿಟ್ಟಿದ್ದೇನೆ. ಅದು ಮುಗಿದ ಮೇಲೆ ಮತ್ತೆ ತರಿಸುವುದು ಎರಡು ಪಟ್ಟಿ ಬೇರೆ ಬೇರೆ ಇರುವ ಚಿಕ್ಕ ಪ್ಯಾಕು ಮಾತ್ರ.